ಅಕ್ಷರ ಗುರ್ತು ಹಿಡಿಯೋರು

ಸಹಿ ನೋಡಿ ಸ್ವಭಾವ ಹೇಳೋ ವಿಡಿಯೋಗಳು ಈಗೀಗ ವಾಟ್ಸಾಪಿನಲ್ಲಿ ಬರ್ತಾನೇ ಇರ್ತವೆ. ಸಹಿ ಕೆಳಗೆ ಗೆರೆ ಎಳೀರಿ ಆತ್ಮವಿಶ್ವಾಸ ಹೆಚ್ತದೆ, ಸಹಿ ಮೇಲ್ಮುಖವಾಗಿ ಇರ್ಲಿ ದುಡ್ಡು ನಿಲ್ತದೆ, ಕೊನೇಲಿ ಚುಕ್ಕೆ ಇಟ್ರೆ ಹಿಡಿದ ಕೆಲಸ ಮುಗೀತದೆ, ಹೀಗೆ. ನಮ್ಮ ಫ್ಯಾಮಿಲಿ ಗ್ರೂಪಿಗೂ ಒಂದು ಬಂದಿತ್ತು. ಅದರ ಕೆಳಗೆ ನಮ್ಮ ಚಿಕ್ಕಪ್ಪನ ಮಗಳು ತನ್ನ ಮಗನ ಸಹಿ ಫೋಟೋ ಹಾಕಿ "ಇದು ಹ್ಯಾಂಗಿದ್ದು, ಗೊತ್ತಿದ್ದವ್ರು ಹೇಳಿ" ಅಂತ ಕೇಳಿದ್ಲು. ಹುಡುಗ ಓದು ಮುಗಿಸಿ ಕೆಲಸ ಹುಡುಕ್ತಾ ಇದಾನೆ, ಅವಳ ಚಿಂತೆ ಅವಳಿಗೆ. ನಾನು ಅವಳಿಗೆ ಫೋನ್ ಮಾಡಿ ಮಾತಾಡಿದೆ, ಆದ್ರೆ ಮಾತಾಡಿದ್ದು ಸಾಲ್ಲಿಲ್ಲ ಅನ್ನಿಸ್ತು, ಅದಕ್ಕೆ ಇಲ್ಲಿ ಕೂತು ಬರೀತಾ ಇದೀನಿ.

ಮೊದಲು ಅವಳಿಗೆ ಹೇಳಿದ್ದನ್ನೇ ಹೇಳಿಬಿಡ್ತೀನಿ. ಅಕ್ಷರ ನೋಡಿ ಗುಣ ಹೇಳೋ ಈ ವಿದ್ಯೆಗೆ ಗ್ರಾಫಾಲಜಿ ಅಂತಾರೆ. ಇಟಲಿಯ ಬೊಲೊನ್ಯಾದಲ್ಲಿ ಪ್ರೊಫೆಸರ್ ಆಗಿದ್ದ ಕಮಿಲ್ಲೊ ಬಾಲ್ದಿ 1622ರಲ್ಲೇ, ಒಂದು ಪತ್ರ ನೋಡಿ ಬರೆದವನ ಸ್ವಭಾವ ತಿಳಿಯೋದು ಹ್ಯಾಗೆ ಅಂತ ಪುಸ್ತಕ ಬರೆದಿದ್ದ. ಆಮೇಲೆ 1870ರ ದಶಕದಲ್ಲಿ ಫ್ರಾನ್ಸಿನ ಪಾದ್ರಿ ಮಿಶೋನ್ ಅದಕ್ಕೆ ಈಗಿನ ಹೆಸರು ಕೊಟ್ಟು, ಈ ಗುರುತಿಗೆ ಈ ಗುಣ ಅಂತ ಪಟ್ಟಿ ಮಾಡಿ, ಸಂಘ ಕಟ್ಟಿ ಬೆಳೆಸಿದ. ಅಂದ್ರೆ ನಾಲ್ಕು ನೂರು ವರ್ಷದ ಆಸೆ ಇದು. ಸುಳ್ಳು ಹೇಳಿ ದುಡ್ಡು ಮಾಡೋಕೆ ಹುಟ್ಟಿದ್ದು ಅಂತ ನನಗೆ ಅನ್ನಿಸೋದಿಲ್ಲ, ಮನುಷ್ಯನಿಗೆ ಇನ್ನೊಬ್ಬ ಮನುಷ್ಯನ ಒಳಗನ್ನ ಹ್ಯಾಗಾದ್ರೂ ತಿಳೀಬೇಕು ಅನ್ನೋ ಹಂಬಲ ಇರ್ತದಲ್ಲ, ಅದರಿಂದ ಹುಟ್ಟಿದ್ದು. ಆದ್ರೆ ಪರೀಕ್ಷೆ ಮಾಡಿ ನೋಡಿದಾಗ ಅದು ನಿಲ್ಲಲಿಲ್ಲ. ನೆಟರ್ ಮತ್ತು ಬೆನ್-ಶಾಖರ್ ಅನ್ನೋ ಇಬ್ಬರು ಸಂಶೋಧಕರು 1989ರಲ್ಲಿ ಅಲ್ಲಿವರೆಗಿನ 17 ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದ್ರು. ಕೆಲಸಕ್ಕೆ ಅರ್ಜಿ ಹಾಕಿದವರ ಕೈಬರಹ ನೋಡಿ ಇವ್ರು ಮುಂದೆ ಹ್ಯಾಗೆ ಕೆಲಸ ಮಾಡ್ತಾರೆ ಅಂತ ಹೇಳೋದ್ರಲ್ಲಿ ಗ್ರಾಫಾಲಜಿ ಕಲಿತವರು, ಅದನ್ನ ಕಲೀದೇ ಇದ್ದವರಿಗಿಂತ ಒಂದು ಹೆಜ್ಜೆನೂ ಮುಂದಿರಲಿಲ್ಲ. ಅಲ್ಪಸ್ವಲ್ಪ ಸರಿ ಬಂದಿದ್ದೂ ಅಕ್ಷರದಿಂದಲ್ಲ, ಅರ್ಜಿ ಹಾಕಿದವರು ತಮ್ಮ ಬಗ್ಗೆ ತಾವೇ ಬರ್ಕೊಂಡಿದ್ದ ವಿಷಯ ಓದಿ ಸಿಕ್ಕಿದ್ದು.

ಇನ್ನೊಂದು ಮಾತು, ಇದನ್ನ ಯಾರೂ ಯಾಕೆ ಕೇಳೋದಿಲ್ಲ ಅಂತ ನನಗೆ ಆಶ್ಚರ್ಯ. ಆ ಪಟ್ಟಿಗಳೆಲ್ಲ ಇಂಗ್ಲಿಷ್, ಫ್ರೆಂಚ್ ಅಕ್ಷರಕ್ಕೆ ಮಾಡಿದ್ದು. ಟೀ ಅಕ್ಷರದ ಅಡ್ಡಗೆರೆ ಎಲ್ಲಿದೆ, ಐ ಮೇಲಿನ ಚುಕ್ಕೆ ಎಷ್ಟು ದೂರ, ಜಿ ಮತ್ತು ವೈ ಕೆಳಗಿನ ಕುಣಿಕೆ ಎಷ್ಟು ಉದ್ದ, ಅಕ್ಷರ ಬಲಕ್ಕೆ ವಾಲ್ತದಾ ಎಡಕ್ಕಾ, ಇದರ ಮೇಲೇ ಎಲ್ಲಾ ನಿಂತಿದೆ. ನಮ್ಮ ಕನ್ನಡದಲ್ಲಿ ಅಡ್ಡಗೆರೆ ಎಲ್ಲಿಂದ ತರೋದು? ನಮ್ಮಲ್ಲಿರೋದು ತಲಕಟ್ಟು, ಗುಡಿಸು, ಕೊಂಬು, ಏತ್ವ, ಒತ್ತಕ್ಷರ, ಅರ್ಕಾವತ್ತು. ಉರುಟು ಅಕ್ಷರ, ವಾಲೋದು ಕಡಿಮೆ. ಜೀವಮಾನ ಇಡೀ ಕನ್ನಡದಲ್ಲೇ ಬರೆದ ಮನುಷ್ಯನ ಸ್ವಭಾವವನ್ನ ಅವನು ಬ್ಯಾಂಕಿಗೋಸ್ಕರ ಕಲಿತ ಇಂಗ್ಲಿಷ್ ಸಹಿಯಿಂದ ಹೇಳ್ತಾರೆ ಅಂದ್ರೆ ಅದು ಹ್ಯಾಗೆ ಸರಿ ಅಂತ ನನಗಂತೂ ತಿಳೀಲಿಲ್ಲ.

ಹಾಗಾದ್ರೆ ಕೈಬರಹದಲ್ಲಿ ಏನೂ ಇಲ್ವಾ ಅಂದ್ರೆ, ಬೇಕಾದಷ್ಟಿದೆ. ನನಗೆ ಹೇಳ್ಬೇಕಾಗಿರೋದೇ ಅದು. ಅಕ್ಷರದಲ್ಲಿ ಗುಣ ಕಾಣೋದಿಲ್ಲ, ಆದ್ರೆ ಕೈ ಕಾಣ್ತದೆ. ಆ ಕೈ ಎಲ್ಲಿ ಕಲೀತು, ಯಾರ ಹತ್ರ ಕಲೀತು, ಯಾವ ಪೆನ್ನು ಹಿಡೀತು, ದಿನಾ ಎಷ್ಟು ಬರೀತಿತ್ತು, ಯಾವಾಗ ಅವಸರದಲ್ಲಿತ್ತು, ಯಾವಾಗ ನಡುಗೋಕೆ ಶುರುವಾಯ್ತು, ಎಲ್ಲಾ. ಅದನ್ನ ಓದೋಕೆ ಕೋರ್ಸ್ ಬೇಡ, ಒಡನಾಟ ಬೇಕು.

ನಾನು ಈಗ ಕೆಲಸದ ಸಲುವಾಗಿ ಕಾರವಾರದಲ್ಲಿದ್ದೇನೆ, ಮೂಲ ಮನೆ ಶಿರಸಿ ಸೀಮೆ ಒಂದು ಹಳ್ಳಿ, ಅಡಿಕೆ ತೋಟದ ಮನೆ. ಮೆತ್ತಿನ ಮೇಲೆ ಒಂದು ಮರದ ಪೆಟ್ಟಿಗೆ ತುಂಬಾ ಅಜ್ಜನ ಕೀರ್ದಿ, ಅಂದ್ರೆ ಲೆಕ್ಕದ ಪುಸ್ತಕಗಳಿವೆ. ಅಡುಗೆಮನೆ ಹೊಗೆ ಮೇಲೆ ಹೋಗಿ ತಾಗೋ ಜಾಗ ಆದ್ದರಿಂದ ಒರಲೆ ಹಿಡೀಲಿಲ್ಲ ಅಂತ ಆಯಿ, ಅಂದ್ರೆ ನಮ್ಮಮ್ಮ, ಹೇಳ್ತಾಳೆ, ನಮ್ಮ ಕಡೆ ಮಳೆಗಾಲದಲ್ಲಿ ಕಾಗದ ಉಳಿಯೋದು ಅಂದ್ರೆ ಸಣ್ಣ ಮಾತಲ್ಲ. ದೀಪಾವಳಿಗೆ ಹೊಸ ಕೀರ್ದಿ ಶುರು ಮಾಡೋದು, ಮೊದಲ ಪುಟದ ಮೇಲೆ ದೊಡ್ಡದಾಗಿ ಶ್ರೀ, ಅದರ ಕೆಳಗೆ ಸಂವತ್ಸರದ ಹೆಸರು, ಆಮೇಲೆ ಜಮೆ ಖರ್ಚು. ಚಾಲಿ ಎಷ್ಟು, ಕೆಂಪಡಿಕೆ ಎಷ್ಟು, ಯಾವ ದಲಾಲಿ ಅಂಗಡಿಗೆ ಹಾಕಿದ್ದು, ಧಾರಣೆ ಎಷ್ಟು ಸಿಕ್ಕಿತು, ಆಳಿಗೆ ಎಷ್ಟು, ಬೆಲ್ಲಕ್ಕೆ ಎಷ್ಟು. ಅಂಕಿಗಳೆಲ್ಲ ಕನ್ನಡದಲ್ಲೇ. ಆಣೆ ಲೆಕ್ಕ ಬರೆಯೋಕೆ ನೆಟ್ಟಗೆರೆ, ಕಾಲಿಗೆ ಒಂದು, ಅರ್ಧಕ್ಕೆ ಎರಡು, ಮುಕ್ಕಾಲಿಗೆ ಮೂರು. 1957ರ ಏಪ್ರಿಲಿನಲ್ಲಿ ನಯಾ ಪೈಸೆ ಬಂತಲ್ಲ, ಆ ವರ್ಷದ ಪುಸ್ತಕದಲ್ಲಿ ಗೆರೆಗಳು ಒಮ್ಮೆಲೇ ನಿಲ್ಲೋದಿಲ್ಲ. ಕೆಲವು ತಿಂಗಳು ಅಜ್ಜ ಗೆರೆ ಎಳೀತಾನೆ, ಹೊಡೆದು ಹಾಕ್ತಾನೆ, ಪಕ್ಕದಲ್ಲಿ ಪೈಸೆ ಬರೀತಾನೆ. ಕೈಗೆ ರೂಢಿ ಬಿಡೋಕೆ ಎಷ್ಟು ಕಾಲ ಹಿಡೀತು ಅಂತ ಬೆರಳಿಟ್ಟು ತೋರಿಸಬಹುದು.

ಅಜ್ಜ ಬರೀತಿದ್ದದ್ದು ಟಾಕಿನಲ್ಲಿ, ದೌತಿಗೆ ಅದ್ದಿ ಅದ್ದಿ. ಪುಟವನ್ನ ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದ್ರೆ ಅದು ಚಂದ ಕಾಣ್ತದೆ. ಕೆಳಮುಖ ಎಳೆದಲ್ಲೆಲ್ಲ ಟಾಕಿನ ಸೀಳು ಅಗಲಾಗಿ ಗೆರೆ ದಪ್ಪ, ಮೇಲೆ ಹೋಗುವಾಗ ಕೂದಲಿನ ಎಳೆಯಷ್ಟು ಸಪೂರ. ಅದ್ದಿದ ಕೂಡ್ಲೇ ಬರೆದ ಅಕ್ಷರ ಕಪ್ಪು, ನಾಲ್ಕೈದು ಪದ ಹೋಗೋದ್ರೊಳಗೆ ಮಸುಕು, ಮತ್ತೆ ಕಪ್ಪು. ಅಂದ್ರೆ ಅವನು ಎಲ್ಲೆಲ್ಲಿ ಕೈ ಎತ್ತಿ ಶಾಯಿ ಅದ್ದಿದ ಅಂತ ಇವತ್ತಿಗೂ ಎಣಿಸಬಹುದು. ಅರ್ಕಾವತ್ತು ಬರೆಯೋದ್ರಲ್ಲಿ ಅವನದ್ದು ಒಂದು ರೀತಿ ಇತ್ತು. ಶಿರ್ಸಿ ಅಂತ ಬರೆದಲ್ಲೆಲ್ಲ ಅರ್ಕಾವತ್ತಿನ ಬಾಲ ಕೆಳಗಿನ ಸಾಲಿಗೆ ಇಳಿದು, ಅಲ್ಲಿರೋ ಅಂಕಿಯನ್ನ ಮುಟ್ಟಿ, ಎಡಕ್ಕೆ ತಿರುಗಿ ನಿಲ್ತದೆ. ಬೇರೆ ಯಾರೂ ಹಾಗೆ ಬರೆದದ್ದು ನಾನು ನೋಡ್ಲಿಲ್ಲ. ಈ ಬಾಲಕ್ಕೆ ಯಾವ ಗುಣವೂ ಅಂಟಿಕೊಂಡಿಲ್ಲ. ಅದು ಅಜ್ಜ, ಅಷ್ಟೇ. ಆ ಬಾಲ ಕಂಡ್ರೆ ಆಯಿ ಕನ್ನಡಕ ಹಾಕ್ಕೊಳ್ದೇ ದೂರದಿಂದಲೇ "ಇದು ಮಾವಯ್ಯನ ಅಕ್ಷರನೇಯ" ಅಂತಾಳೆ.

ಇದಕ್ಕಿಂತ ಹಿಂದಿನ ಕಾಲದ್ದು ಅಂದ್ರೆ ಕಡತ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಹಲಗೆ ಹಾಗೆ ಗಟ್ಟಿ ಮಾಡಿ, ಮಡಚಿ ಮಡಚಿ ಇಟ್ಟು, ಬಳಪದಲ್ಲಿ ಬರೆಯೋದು. ಅದರಲ್ಲಿ ಶಾನುಭೋಗರು ಬರೀತಿದ್ದದ್ದು ಮೋಡಿ ಅಕ್ಷರ, ಕೈ ಎತ್ತದೇ ಒಂದಕ್ಕೊಂದು ಜೋಡಿಸಿಕೊಂಡು ಹೋಗೋದು. ಓದೋಕೆ ಅಭ್ಯಾಸ ಇಲ್ಲದವರಿಗೆ ಒಂದಕ್ಷರ ತಿಳಿಯೋದಿಲ್ಲ. ಕನ್ನಡಕ್ಕೂ ಮೋಡಿ ಇತ್ತು, ಮರಾಠಿಯ ಮೋಡಿ ಲಿಪಿ ಬೇರೆ. ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಹೋದದ್ದು, 1956ರವರೆಗೂ ಅಲ್ಲೇ ಇದ್ದದ್ದು, ಹಾಗಾಗಿ ನಮ್ಮ ಮಾತಲ್ಲೂ ಬರವಣಿಗೆಯಲ್ಲೂ ಆ ಕಡೆಯದ್ದು ಬೇಕಾದಷ್ಟು ಸೇರಿಕೊಂಡಿದೆ. ಸ್ಲೇಟಿಗೆ ನಾವು ಪಾಟಿ ಅನ್ನೋದು ಅದಕ್ಕೇ. ಮೋಡಿ ಓದೋರು ಈಗ ಬೆರಳೆಣಿಕೆ. ಕಡತ ಮ್ಯೂಸಿಯಮ್ಮಿನಲ್ಲಿ ಭದ್ರವಾಗಿ ಇದ್ರೂ ಓದೋ ಕಣ್ಣು ಹೋದ್ರೆ ಅದು ಕಪ್ಪು ಬಟ್ಟೆ ಮಾತ್ರ.

ಈಗ ಕೋರ್ಟಿನ ವಿಚಾರಕ್ಕೆ ಬರ್ತೀನಿ, ಯಾಕಂದ್ರೆ ಕೈಬರಹವನ್ನ ನಿಜವಾಗಿ ಗಂಭೀರವಾಗಿ ತಗೊಂಡಿದ್ದು ಕೋರ್ಟು. 1872ರ ಸಾಕ್ಷ್ಯ ಕಾಯ್ದೆಯಲ್ಲಿ 45ನೇ ಕಲಮು ಕೈಬರಹ ತಜ್ಞರದ್ದು, ಅದು ಎಲ್ರಿಗೂ ಗೊತ್ತು. ನನಗೆ ಇಷ್ಟವಾದದ್ದು 47ನೇ ಕಲಮು. ಒಬ್ಬರ ಕೈಬರಹದ ಪರಿಚಯ ಇರೋ ಸಾಮಾನ್ಯ ಮನುಷ್ಯನೂ ಇದು ಅವರದ್ದೇ ಅಕ್ಷರ, ಅಲ್ಲ ಅಂತ ಹೇಳಬಹುದು, ಕೋರ್ಟು ಅದನ್ನ ಕೇಳ್ತದೆ. ಪರಿಚಯ ಅಂದ್ರೆ ಏನು ಅಂತಾನೂ ಬರೆದಿದ್ದಾರೆ, ಆ ಮನುಷ್ಯ ಬರೆಯೋದನ್ನ ಕಣ್ಣಾರೆ ನೋಡಿರಬೇಕು, ಇಲ್ಲಾ ಅವನಿಗೆ ಪತ್ರ ಬರೆದು ಉತ್ತರ ಪಡೆದಿರಬೇಕು, ಇಲ್ಲಾ ದಿನದ ವ್ಯವಹಾರದಲ್ಲಿ ಅವನ ಕಾಗದಪತ್ರ ಕೈಗೆ ಬರ್ತಾ ಇರಬೇಕು. ಉದಾಹರಣೆ ಕೊಟ್ಟಿದ್ದಂತೂ ಓದೋಕೇ ಖುಷಿ. ಲಂಡನ್ನಿನಲ್ಲಿ ಒಬ್ಬ ವ್ಯಾಪಾರಿ, ಕಲ್ಕತ್ತಾದಲ್ಲಿ ಅವನ ಜೊತೆ ಪತ್ರ ವ್ಯವಹಾರ ಇಟ್ಕೊಂಡಿರೋ ಇನ್ನೊಬ್ಬ ವ್ಯಾಪಾರಿ. ಲಂಡನ್ನಿನವನ ಅಕ್ಷರ ಗುರುತಿಸೋ ಹಕ್ಕು ಯಾರಿಗಿದೆ? ಕಲ್ಕತ್ತಾದ ವ್ಯಾಪಾರಿಗಿದೆ, ಬಂದ ಪತ್ರ ನೋಡಿ ಫೈಲಿಗೆ ಹಾಕ್ತಿದ್ದ ಅವನ ಗುಮಾಸ್ತನಿಗೂ ಇದೆ, ಆ ಪತ್ರಗಳನ್ನ ತೋರಿಸಿ ಸಲಹೆ ಕೇಳ್ತಿದ್ದ ಅವನ ದಲ್ಲಾಳಿಗೂ ಇದೆ. ಮೂರೂ ಜನ ಆ ಲಂಡನ್ನಿನವನು ಬರೆಯೋದನ್ನ ಒಂದು ಸಲನೂ ನೋಡಿಲ್ಲ. ಫೈಲಿಗೆ ಹಾಕೋ ಗುಮಾಸ್ತನ ಕಣ್ಣಿಗೆ ಕಾಯ್ದೆ ಬರೆದವರು ಅಷ್ಟು ಮರ್ಯಾದೆ ಕೊಟ್ಟಿದ್ದಾರೆ. ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮ 2024ರ ಜುಲೈ 1ರಿಂದ ಜಾರಿಗೆ ಬಂದಿದೆ, ನಂಬರು ಬದಲಾಗಿದೆ, ವಿಚಾರ ಹಾಗೇ ಉಳಿದಿದೆ.

ಆಯಿಗೆ ಇದನ್ನ ಓದಿ ಹೇಳಿದೆ. "ಹಂಗಾರೆ ಯಾನೂ ಸಾಕ್ಷಿ ಹೇಳ್ಲಕ್ಕು" ಅಂದ್ಲು.

ತಜ್ಞರ ಕೆಲಸಾನೂ ಸಣ್ಣದಲ್ಲ. ಅವರು ಗುಣ ಹುಡುಕೋದಿಲ್ಲ, ಕೈ ಎಲ್ಲಿ ನಿಂತಿತು, ಎಲ್ಲಿ ಪೆನ್ನು ಎತ್ತಿತು, ಗೆರೆ ಸರಾಗ ಹೋಗಿದೆಯಾ ಇಲ್ಲಾ ತಡವರಿಸಿದೆಯಾ, ಒತ್ತಡ ಎಷ್ಟು ಅಂತ ನೋಡ್ತಾರೆ. ನಕಲಿ ಸಹಿ ಮಾಡೋನು ಆಕಾರ ಸರಿಯಾಗಿ ಬರಿಸ್ತಾನೆ, ಆದ್ರೆ ನಿಧಾನ ಬರೀತಾನೆ, ಆ ನಿಧಾನಕ್ಕೆ ಗೆರೆ ನಡುಗ್ತದೆ, ನಡುವೆ ಮೂಲ ನೋಡೋಕೆ ನಿಂತಲ್ಲಿ ಶಾಯಿ ಒಂದು ಚೂರು ಹೆಚ್ಚು ಕೂತಿರ್ತದೆ. ಜನ ತಿಳ್ಕೊಂಡಿರೋದಕ್ಕೆ ಪೂರಾ ಉಲ್ಟಾ ಒಂದು ವಿಷಯ ಅಂದ್ರೆ, ಎರಡು ಸಹಿ ಕೂದಲಷ್ಟೂ ವ್ಯತ್ಯಾಸ ಇಲ್ಲದೇ ಒಂದೇ ಥರ ಇದ್ರೆ ಅದಕ್ಕೇ ಅನುಮಾನ ಪಡ್ಬೇಕು. ಅಮೆರಿಕದಲ್ಲಿ 1868ರಲ್ಲಿ ನಡೆದ ಹೌಲೆಂಡ್ ಉಯಿಲಿನ ಕೇಸು ಇದಕ್ಕೆ ಪ್ರಸಿದ್ಧ. ಸಿಲ್ವಿಯಾ ಆನ್ ಹೌಲೆಂಡ್ ಅನ್ನೋ ಶ್ರೀಮಂತ ಹೆಂಗಸು ತೀರಿಕೊಂಡಿದ್ದಳು, ಆಸ್ತಿಗಾಗಿ ಅವಳ ಒಡಹುಟ್ಟಿದವಳ ಮಗಳು ಹೆಟ್ಟಿ ರಾಬಿನ್ಸನ್ ಒಂದು ಕಾಗದ ತಂದಳು. ಅದರ ಮೇಲಿನ ಸಹಿ ಉಯಿಲಿನ ಸಹಿ ಮೇಲೆ ಇಟ್ರೆ ಕೆಳಮುಖವಾಗಿ ಎಳೆದ 30 ಗೆರೆಗಳೂ ಕೂತು ಹೋಗ್ತಿದ್ವು. ಗಣಿತಜ್ಞ ಬೆಂಜಮಿನ್ ಪಿಯರ್ಸ್ ಮತ್ತು ಅವನ ಮಗ ಚಾರ್ಲ್ಸ್ ಆಕೆಯ 42 ನಿಜವಾದ ಸಹಿಗಳನ್ನ ಜೋಡಿ ಜೋಡಿಯಾಗಿ ಹೋಲಿಸಿದ್ರು. ಒಂದು ಜೋಡಿಯಲ್ಲಿ ಸರಾಸರಿ ಐದರಲ್ಲಿ ಒಂದು ಗೆರೆ ಮಾತ್ರ ಹೊಂದ್ತಿತ್ತು. ಮೂವತ್ತಕ್ಕೆ ಮೂವತ್ತೂ ಹೊಂದೋದು ಸಹಜವಾಗಿ ಆಗೋ ಮಾತೇ ಅಲ್ಲ ಅಂತ ಪಿಯರ್ಸ್ ಕೋರ್ಟಿನಲ್ಲಿ ಲೆಕ್ಕ ಇಟ್ಟು ಹೇಳಿದ. ಕೇಸು ಕೊನೆಗೆ ಬೇರೆ ಕಾನೂನು ಕಾರಣಕ್ಕೆ ಮುಗೀತು, ಆದ್ರೆ ಆ ಲೆಕ್ಕ ಉಳೀತು. ಜೀವ ಇರೋ ಕೈ ಒಂದು ಸಹಿಯನ್ನ ಎರಡು ಸಲ ಒಂದೇ ಥರ ಹಾಕೋದಿಲ್ಲ.

ಹಾಗಂತ ತಜ್ಞರೂ ಬೀಳ್ತಾರೆ. 1983ರಲ್ಲಿ ಜರ್ಮನಿಯ ಸ್ಟೆರ್ನ್ ಪತ್ರಿಕೆ ಹಿಟ್ಲರನ ಡೈರಿ ಸಿಕ್ಕಿದೆ ಅಂತ ಪ್ರಕಟಿಸ್ತು, ಕೈಬರಹ ನೋಡಿದವರು ಹೌದು ಅಂದಿದ್ರು. ಆಮೇಲೆ ನೋಡಿದ್ರೆ ಹೋಲಿಸೋಕೆ ಅಂತ ಅವರಿಗೆ ಕೊಟ್ಟ ನಮೂನೆಗಳಲ್ಲೇ ಕೆಲವು ಅದೇ ಕೊನ್ರಾಡ್ ಕುಯಾವ್ ಅನ್ನೋ ನಕಲಿಗಾರ ಬರೆದದ್ದು. ನಕಲಿಯನ್ನ ನಕಲಿ ಜೊತೆ ಇಟ್ಟು ಎರಡೂ ಒಂದೇ ಅಂದಿದ್ರು. ಕೊನೆಗೆ ಹಿಡಿದು ಕೊಟ್ಟದ್ದು ಕಾಗದ, ಅದರಲ್ಲಿ ಹಿಟ್ಲರ್ ಕಾಲದಲ್ಲಿ ಇಲ್ಲದ ಬಿಳುಪಿನ ರಾಸಾಯನಿಕ ಇತ್ತು. ಅದಕ್ಕೂ ಮೊದಲೇ ನಮ್ಮ ಸುಪ್ರೀಂ ಕೋರ್ಟು ಮುರಾರಿ ಲಾಲ್ ಅನ್ನೋ ಕೇಸಿನ ತೀರ್ಪಿನಲ್ಲಿ, ತಜ್ಞರ ಮಾತನ್ನ ತಳ್ಳಿ ಹಾಕಬೇಕಾಗಿಲ್ಲ, ಆದ್ರೆ ಎಚ್ಚರದಿಂದ ತಗೋಬೇಕು ಅಂದಿತ್ತು.

ಹೈಸ್ಕೂಲು ನಾನು ಓದಿದ್ದು ಕುಮಟಾದಲ್ಲಿ, ಅತ್ತೆ ಮನೆಯಲ್ಲಿ ಉಳ್ಕೊಂಡು. ಎಸ್ಸೆಸ್ಸೆಲ್ಸಿ ಬೀಳ್ಕೊಡುಗೆ ಹೊತ್ತಿಗೆ ಎಲ್ಲರ ಕೈಲೂ ಒಂದೊಂದು ಆಟೋಗ್ರಾಫ್ ಪುಸ್ತಕ, ಗುಲಾಬಿ ಹಸಿರು ಹಳದಿ ಪುಟದ್ದು. ಈಗ ಅದನ್ನ ತೆಗೆದು ನೋಡಿದ್ರೆ ಬರೆದ ಮಾತುಗಳು ಎಲ್ಲಾ ಒಂದೇ, ಮರೀಬೇಡ, ಮದುವೆಗೆ ಕರಿ, ಮುಂದಿನ ಜೀವನ ಸುಖವಾಗಿರ್ಲಿ. ಮಾತಲ್ಲಿ ಯಾರು ಯಾರು ಅಂತ ತಿಳಿಯೋದಿಲ್ಲ, ಅಕ್ಷರದಲ್ಲಿ ತಿಳೀತದೆ. ಅಷ್ಟೇ ಅಲ್ಲ, ಒಂದೇ ಪ್ರಾಥಮಿಕ ಶಾಲೆಯಿಂದ ಬಂದವರ ಅಕ್ಷರದಲ್ಲಿ ಒಂದು ಹೋಲಿಕೆ ಇದೆ. ಹೊನ್ನಾವರ ಕಡೆ ಒಂದೇ ಊರಿನ ನಾಲ್ಕು ಜನರ ಶ ಅಕ್ಷರ ಒಂದೇ ಅಚ್ಚು, ಕೆಳಗೆ ಸುರುಳಿ ಸುತ್ತಿ ಒಳಗೆ ತಗೊಂಡು ಹೋದದ್ದು. ಅವರಿಗೆ ಒಂದನೇತ್ತಿಯಿಂದ ಪಾಟಿ ಮೇಲೆ ಕೈ ಹಿಡಿದು ತಿದ್ದಿಸಿದ್ದು ಒಬ್ರೇ ಅಕ್ಕೋರು. ಅಕ್ಷರ ಪರೀಕ್ಷೆ ಮಾಡೋರು ಇದನ್ನ ಮೊದಲು ಬೇರೆ ಮಾಡ್ಕೊಳ್ತಾರೆ, ಯಾವುದು ಕಲಿಸಿದವರಿಂದ ಬಂದದ್ದು, ಯಾವುದು ಬರೆದವನದ್ದೇ ಸ್ವಂತ ಅಂತ. ಆ ಅಕ್ಕೋರ ಮುಖ ನಾನು ನೋಡಿಲ್ಲ, ಆದ್ರೆ ಅವರ ಶ ನನ್ನ ಪುಸ್ತಕದಲ್ಲಿ ನಾಲ್ಕು ಕಡೆ ಇದೆ.

ಅದೇ ಪುಸ್ತಕದ ಒಂದು ಹಸಿರು ಪುಟ ಇದೆ. ಹಿಂದಿನ ಬೆಂಚಿನ ಹುಡುಗ, ಮೀನುಗಾರರ ಮನೆಯವನು, ರಜೆ ಇದ್ದಾಗೆಲ್ಲ ಬೋಟಿಗೆ ಹೋಗ್ತಿದ್ದವನು, ಅವನು ಬೇರೆ ಏನೂ ಬರೆದಿಲ್ಲ, ತನ್ನ ಹೆಸರು, ಅಪ್ಪನ ಹೆಸರು, ಊರು. ದೊಡ್ಡ ದೊಡ್ಡ ಅಕ್ಷರ, ಪ್ರತಿ ಅಕ್ಷರದ ಮೇಲೆ ಬಾಲ್‌ಪೆನ್ನು ಎರಡೆರಡು ಸಲ ಹೋಗಿದೆ. ಎಷ್ಟು ಒತ್ತಿ ಬರೆದಿದ್ದಾನೆ ಅಂದ್ರೆ ಪುಟ ತಿರುಗಿಸಿ ಹಿಂದೆ ಬೆರಳಾಡಿಸಿದ್ರೆ ಅವನ ಹೆಸರು ಉಬ್ಬಿ ಕೈಗೆ ಸಿಗ್ತದೆ. ಗ್ರಾಫಾಲಜಿಯವರು ಒತ್ತಿ ಬರೆದ್ರೆ ಸಿಟ್ಟಿನ ಮನುಷ್ಯ ಅಂತಾರಂತೆ. ಹಗ್ಗ ಎಳೆಯೋ ಕೈ ಅದು, ಪೆನ್ನು ಹಿಡಿಯೋದು ಅದಕ್ಕೆ ಅಪರೂಪ, ಮತ್ತೆ ಆವತ್ತು ಅವನಿಗೆ ತನ್ನ ಹೆಸರು ಚೆನ್ನಾಗಿ ಕಾಣಬೇಕು ಅಂತಿತ್ತು. ಅವನನ್ನ ನೋಡಿದವರಿಗೆ ಇದನ್ನ ಯಾರೂ ಹೇಳಿ ಕೊಡ್ಬೇಕಾಗಿಲ್ಲ.

ದೊಡ್ಡವರ ಆಟೋಗ್ರಾಫ್ ವಿಚಾರ ಬಂದ್ರೆ ಕಾರವಾರದವರಿಗೆ ಮೊದಲು ನೆನಪಾಗಬೇಕಾದ್ದು ರವೀಂದ್ರನಾಥ ಟ್ಯಾಗೋರ್. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್ ಆಗಿದ್ರು, 1880ರ ದಶಕದ ಶುರುವಿನಲ್ಲಿ ತಮ್ಮ ಬಂದು ಉಳಿದಿದ್ರು, ಕಾಳಿ ನದಿಯಲ್ಲಿ ದೋಣಿ ಹತ್ತಿ ಹೋಗಿ ಬೆಳದಿಂಗಳಲ್ಲಿ ಮರಳ ಮೇಲೆ ನಡ್ಕೊಂಡು ಬಂದದ್ದನ್ನ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ, ಒಂದು ನಾಟಕಾನೂ ಇಲ್ಲೇ ಬರೆದ್ರು. ಬೀಚಿಗೆ ಅವರ ಹೆಸರಿದೆ, ಅದು ಎಲ್ರಿಗೂ ಗೊತ್ತು. ಗೊತ್ತಿಲ್ಲದ್ದು ಅಂದ್ರೆ ಅವರಷ್ಟು ಪ್ರೀತಿಯಿಂದ ಸಹಿ ಹಾಕಿದವರು ಕಡಿಮೆ. ಚೀನಾ, ಜಪಾನಿಗೆ ಹೋದಾಗ ಜನ ಬೀಸಣಿಗೆ, ರೇಷ್ಮೆ ತುಂಡು ಹಿಡ್ಕೊಂಡು ಬಂದು ಏನಾದ್ರೂ ಬರೆದು ಕೊಡಿ ಅಂತಿದ್ರು, ಇವ್ರು ಬರೀ ಹೆಸರು ಗೀಚದೇ ಎರಡು ನಾಲ್ಕು ಸಾಲಿನ ಪದ್ಯ ಬರೆದು ಕೊಡ್ತಿದ್ರು. ಅವೇ ಸೇರಿ 'ಲೇಖನ್' ಅಂತ ಪುಸ್ತಕ ಆಯ್ತು, 1927ರಲ್ಲಿ ಬಂತು, ಅಚ್ಚಿನ ಮೊಳೆ ಇಲ್ಲದೇ ಅವರ ಕೈಬರಹವನ್ನೇ ಹಾಗೇ ಇಳಿಸಿ ಮುದ್ರಿಸಿದ್ದು, ಬಂಗಾಳಿಯಲ್ಲೂ ಇಂಗ್ಲಿಷಿನಲ್ಲೂ. ಸತ್ಯಜಿತ್ ರೇ ಸಣ್ಣ ಹುಡುಗನಾಗಿದ್ದಾಗ ಅಮ್ಮನ ಜೊತೆ ಶಾಂತಿನಿಕೇತನಕ್ಕೆ ಹೋಗಿ ಆಟೋಗ್ರಾಫ್ ಪುಸ್ತಕ ಕೊಟ್ರೆ, ಟ್ಯಾಗೋರರು ಆ ಪುಸ್ತಕ ಇಟ್ಕೊಂಡು ಮಾರನೇ ದಿನ ಎಂಟು ಸಾಲು ಪದ್ಯ ಬರೆದು ಕೊಟ್ರು, ದೂರದ ಬೆಟ್ಟ ಸಮುದ್ರ ಎಲ್ಲಾ ನೋಡಿ ಬಂದೆ, ಮನೆ ಬಾಗಿಲ ಹತ್ರದ ಭತ್ತದ ತೆನೆ ಮೇಲಿನ ಇಬ್ಬನಿ ಹನಿ ನೋಡ್ಲಿಲ್ಲ ಅನ್ನೋ ಅರ್ಥದ್ದು. ಮಗುವಿನ ಪುಸ್ತಕಕ್ಕೆ ಒಂದು ರಾತ್ರಿ ಕೊಟ್ಟ ಮನುಷ್ಯ. ಇನ್ನೂ ಒಂದು ಇದೆ, ಅವರು ಹಸ್ತಪ್ರತಿಯಲ್ಲಿ ಬೇಡದ ಸಾಲು ಹೊಡೆದು ಹಾಕಿದ್ರೆ ಆ ಕಾಟುಗಳನ್ನ ಹಾಗೇ ಬಿಡ್ತಿರ್ಲಿಲ್ಲ, ಒಂದಕ್ಕೊಂದು ಸೇರಿಸಿ ಹಕ್ಕಿ, ಮೃಗ, ಮುಖ ಮಾಡ್ತಿದ್ರು. ಅವರ ಚಿತ್ರಕಲೆ ಹುಟ್ಟಿದ್ದೇ ಅಲ್ಲಿಂದ. 1930ರಲ್ಲಿ ಪ್ಯಾರಿಸ್ಸಿನಲ್ಲಿ ಅವರ ಚಿತ್ರ ಪ್ರದರ್ಶನ ಆಯ್ತು.

ಗಾಂಧೀಜಿಯದ್ದು ಬೇರೆ ದಾರಿ. 1934ರಲ್ಲಿ ಹರಿಜನ ಯಾತ್ರೆಯಲ್ಲಿ ಶಿರಸಿಗೂ ಬಂದಿದ್ರು. ಆ ದಿನಗಳಲ್ಲಿ ಆಟೋಗ್ರಾಫ್ ಬೇಕು ಅಂದ್ರೆ ಹರಿಜನ ನಿಧಿಗೆ ಐದು ರೂಪಾಯಿ ಕೊಡ್ಬೇಕಿತ್ತು. ತಮ್ಮ ಅಕ್ಷರ ಚೆನ್ನಾಗಿಲ್ಲ ಅನ್ನೋ ಬೇಸರ ಅವರಿಗೆ ಕೊನೆವರೆಗೂ ಇತ್ತು, ಕೆಟ್ಟ ಅಕ್ಷರ ಅಪೂರ್ಣ ವಿದ್ಯೆಯ ಗುರುತು ಅಂತ ಆತ್ಮಕಥೆಯಲ್ಲೇ ಬರ್ಕೊಂಡಿದ್ದಾರೆ. 1909ರಲ್ಲಿ ಹಡಗಿನಲ್ಲಿ ಕೂತು ಹತ್ತು ದಿನದಲ್ಲಿ 'ಹಿಂದ್ ಸ್ವರಾಜ್' ಬರೆದ್ರಲ್ಲ, ಬಲಗೈ ಸೋತು ಹೋದಾಗ ಎಡಗೈಯಲ್ಲಿ ಬರೆದ್ರು, 275 ಪುಟದಲ್ಲಿ ಸುಮಾರು 40 ಪುಟ ಎಡಗೈಯದ್ದು. ಆ ಎರಡು ಕೈಯ ಅಕ್ಷರ ಅಕ್ಕಪಕ್ಕ ಇಟ್ಟು ಗುಣ ಹೇಳೋಕೆ ಕೂತ್ರೆ ಇಬ್ಬರು ಗಾಂಧೀಜಿ ಬರ್ತಾರೆ.

ವಿಜಯನಗರದ ಅರಸರ ತಾಮ್ರಶಾಸನಗಳೂ ನನಗೆ ಈ ಸಾಲಿನಲ್ಲೇ ನೆನಪಾಗ್ತವೆ. ಶಾಸನ ಇಡೀ ಸಂಸ್ಕೃತದಲ್ಲಿ ನಾಗರಿ ಲಿಪಿಯಲ್ಲಿದ್ರೂ ಕೊನೇಲಿ ಅರಸರ ಅಂಕಿತ ಮಾತ್ರ ಕನ್ನಡ ಅಕ್ಷರದಲ್ಲಿ, ಶ್ರೀ ವಿರೂಪಾಕ್ಷ ಅಂತ. ಸ್ವಂತ ಹೆಸರಿಲ್ಲ, ದೇವರ ಹೆಸರು, ತಮ್ಮ ಲಿಪಿ.

ಅಪ್ಪನ ವಿಷಯ ಬರೆಯೋಕೆ ಸ್ವಲ್ಪ ಕಷ್ಟ ಆಗ್ತದೆ, ಆದ್ರೂ ಬರೀತೀನಿ. ಅವನ ಸಹಿ ಕನ್ನಡದಲ್ಲಿ, ಪೂರ್ತಿ ಹೆಸರು, ಕೊನೇ ಅಕ್ಷರದ ದೀರ್ಘ ಎಳೆದು ಕೆಳಗೆ ತರೋದು. ಎರಡು ವರ್ಷದಿಂದ ಕೈ ನಡುಗ್ತದೆ. ಡಾಕ್ಟ್ರು ಈ ಕಾಯಿಲೆಯಲ್ಲಿ ಅಕ್ಷರ ಬರೀತಾ ಬರೀತಾ ಸಣ್ಣ ಆಗ್ತಾ ಹೋಗ್ತದೆ ಅಂದ್ರು, ಹಾಗೇ ಆಗಿದೆ, ಸಾಲಿನ ಮೊದಲ ಪದ ಇದ್ದ ಅಳತೆ ಕೊನೆಗೆ ಅರ್ಧಕ್ಕೆ ಬಂದಿರ್ತದೆ. ಒಂದು ಬ್ಯಾಂಕಿನಲ್ಲಿ ಚೆಕ್ಕು ವಾಪಸ್ ಬಂತು, ಸಹಿ ಹೊಂದೋದಿಲ್ಲ ಅಂತ. ಹೋಗಿ ಹೊಸ ನಮೂನೆ ಸಹಿ ಕೊಟ್ವಿ. ಕೌಂಟರಿನಲ್ಲಿದ್ದವರು ಇನ್ನು ಮುಂದೆ ಇದನ್ನೇ, ಹೀಗೇ ಹಾಕ್ಬೇಕು ಅಂದ್ರು. ಅಪ್ಪ ಕೇಳ್ದ, "ನಾಳೆ ನನ್ನ ಕೈ ಹ್ಯಾಗಿರ್ತದೆ ಅಂತ ಇವತ್ತೇ ಹ್ಯಾಗೆ ಹೇಳ್ಲಿ ಮೇಡಂ?" ಅವರಿಗೆ ಉತ್ತರ ಇರಲಿಲ್ಲ, ಪಾಪ ಅವರಿಗೂ ಅವರ ನಿಯಮ. ಹೆಬ್ಬೆಟ್ಟು ಹಾಕೋಕೆ ಆಗ್ತದೆ ಅಂತ ದಾರಿ ತೋರಿಸಿದ್ರು. ಅಪ್ಪ ಮಾತಾಡದೇ ಎದ್ದು ಬಂದ. ಆಗಿನ ಕಾಲದಲ್ಲಿ ಕಾಪಿ ಬರೆಯೋದ್ರಲ್ಲಿ ಶಾಲೆಗೇ ಮೊದಲು ಬರ್ತಿದ್ದವನು ಅವನು, ಊರಲ್ಲಿ ಯಾರದ್ದೇ ಮನೆ ಮದುವೆ ಇದ್ರೂ ಕಾರ್ಡಿನ ವಿಳಾಸ ಬರೆಯೋಕೆ ಅವನನ್ನೇ ಕರೀತಿದ್ರು. ಕೈ ನಡುಗಿದ್ರೂ ಆ ದೀರ್ಘ ಎಳೆದು ಕೆಳಗೆ ತರೋದನ್ನ ಅವನು ಬಿಟ್ಟಿಲ್ಲ. ಸಹಿ ಹೊಂದೋದಿಲ್ಲ ಅಂದ ಮಷೀನಿಗೆ ಅದು ಕಾಣೋದಿಲ್ಲ, ನನಗೆ ಕಾಣ್ತದೆ.

ಹೆಬ್ಬೆಟ್ಟಿನ ಕಥೆ ಶುರುವಾಗಿದ್ದೂ ಸಹಿಯಿಂದಲೇ. 1858ರಲ್ಲಿ ಬಂಗಾಳದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹರ್ಷಲ್, ರಸ್ತೆ ಜಲ್ಲಿ ಒಪ್ಪಂದದ ಕಾಗದಕ್ಕೆ ರಾಜ್ಯಧರ ಕೋನಾಯಿ ಅನ್ನೋ ಗುತ್ತಿಗೆದಾರನ ಇಡೀ ಅಂಗೈ ಶಾಯಿಯಲ್ಲಿ ಒತ್ತಿಸಿಕೊಂಡ, ನಾಳೆ ಇದು ನನ್ನ ಸಹಿ ಅಲ್ಲ ಅನ್ಬಾರ್ದು ಅಂತ. ಅಲ್ಲಿಂದ ಬೆಳೆದು 1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚು ಬ್ಯೂರೋ ಆಯ್ತು. ಬೆರಳಚ್ಚು ಬದಲಾಗೋದಿಲ್ಲ ಅಂತಾರೆ, ಆದ್ರೆ ನಮ್ಮ ಕಡೆ ಮೆಟ್ಟುಗತ್ತಿ ಮುಂದೆ ಕೂತು ವರ್ಷಗಟ್ಟಲೆ ಅಡಿಕೆ ಸುಲಿದ ಹೆಂಗಸರ ಬೆರಳು ನೋಡಿ, ಗೆರೆ ಸವೆದು ರೇಷನ್ ಅಂಗಡಿ ಮಷೀನು ಹಿಡಿಯೋದಿಲ್ಲ. ಕೆಲಸ ಮಾಡಿದ ಕೈ ಅಲ್ಲೂ ಗುರುತು ಬಿಟ್ಟಿರ್ತದೆ, ಓದೋ ಮಷೀನು ಇಲ್ಲ ಅಷ್ಟೇ.

ಕೊನೇದಾಗಿ ಒಂದು ಹುಡುಕಾಟ, ಇದನ್ನ ಓದಿದವರಲ್ಲಿ ಯಾರಿಗಾದ್ರೂ ಇಂಥದ್ದು ಉಪಯೋಗ ಆಗಬಹುದು. ಅಜ್ಜನ ಕೀರ್ದಿಯ ಒಂದು ಪುಸ್ತಕದಲ್ಲಿ, ಒಂದು ಮಳೆಗಾಲ ಪೂರ್ತಿ, ಬೇರೆ ಯಾರದ್ದೋ ಅಕ್ಷರ ಇದೆ. ಸಣ್ಣ, ದುಂಡಗಿನ, ಒತ್ತೊತ್ತಾಗಿ ಬರೆದದ್ದು. ಅರ್ಕಾವತ್ತಿನ ಬಾಲ ಚಿಕ್ಕದು. ಅಜ್ಜ ಆ ಮಳೆಗಾಲ ಜ್ವರ ಬಂದು ಮಲಗಿದ್ನಂತೆ. ಅಪ್ಪನ ಅಂದಾಜು, ಆಗ ನಮ್ಮ ಮನೇಲಿ ಉಳ್ಕೊಂಡಿದ್ದ ಶಾಲೆ ಮಾಸ್ತರು ಬರೆದಿರಬೇಕು ಅಂತ. ಆ ಮಾಸ್ತರ ಹತ್ರ ಕಲಿತವರಲ್ಲಿ ಈಗ ಇರೋದು ಪಕ್ಕದ ಕೇರಿಯ ಒಬ್ಬ ಅಜ್ಜಿ. ಹೋದ ತಿಂಗಳು ಊರಿಗೆ ಹೋದಾಗ ಪುಸ್ತಕಾನೇ ತಗೊಂಡು ಹೋದೆ, ಫೋಟೋದಲ್ಲಿ ಶಾಯಿ ಒತ್ತು ಕಾಣೋದಿಲ್ಲ. ಅವರು ಜಗಲಿ ಅಂಚಿಗೆ ಬಂದು ಕೂತು, ಬೆಳಕಿಗೆ ಹಿಡಿದು, ಎರಡು ಪುಟ ಓದಿದ್ರು. ಧಾರಣೆ ಅನ್ನೋ ಪದದ ಮೇಲೆ ಬೆರಳು ನಿಂತಿತು. ಅಲ್ಲಿ ಧ ಹೊಟ್ಟೆ ಸೀಳಿಲ್ಲ, ದಾರಣೆ ಅಂತ ಇದೆ, ಎಲ್ಲಾ ಕಡೆನೂ ಹಾಗೇ.

"ಇದು ಮಾಸ್ತರದ್ದಲ್ಲ ತಮ್ಮಾ" ಅಂದ್ರು. "ಹೊಟ್ಟೆ ಸೀಳದೇ ಇದ್ರೆ ನಮ್ಗೆ ಬೆರಳ ಗಂಟಿಗೆ ಬೀಳ್ತಿತ್ತು. ಅವ್ರು ಹಿಂಗೆ ಬರೆಯೂದಿಲ್ಲ."

ನನಗೆ ಇನ್ನೊಂದು ಪರೀಕ್ಷೆ ಬೇಕು ಅನ್ನಿಸ್ಲೇ ಇಲ್ಲ, 47ನೇ ಕಲಮಿನ ಸಾಕ್ಷಿ ಅಂದ್ರೆ ಇದೇ. ಹಾಗಾದ್ರೆ ಯಾರು ಬರೆದದ್ದು? ಆ ಮನೇಲಿ ಆಗ ಇದ್ದವರು ಅಜ್ಜಿ, ಅಜ್ಜನ ತಂಗಿ, ಚಿಕ್ಕಜ್ಜ. ಚಿಕ್ಕಜ್ಜನ ಅಕ್ಷರ ಬೇರೆ ಕಾಗದದಲ್ಲಿದೆ, ಹೊಂದೋದಿಲ್ಲ. ಅಜ್ಜಿ ಬರೆದದ್ದು ಒಂದೂ ಸಿಕ್ಕಿಲ್ಲ. ಅಜ್ಜನ ತಂಗಿಯನ್ನ ಯಲ್ಲಾಪುರ ಕಡೆ ಕೊಟ್ಟಿದ್ರು, ಆ ಮನೆಯಲ್ಲಿ ಅವರು ಹಾಡು ಬರೆದಿಟ್ಟ ಒಂದು ಹಳೇ ಪುಸ್ತಕ ಇದೆ ಅಂತ ಅವರ ಮೊಮ್ಮಗ ಫೋನಿನಲ್ಲಿ ಹೇಳಿದ್ದಾನೆ. ಅದರಲ್ಲಿ ಧ ಬರೋ ಪದ ಯಾವುದಾದ್ರೂ ಇದ್ದೇ ಇರ್ತದೆ.